ಕುಲುಮೆಯ ಬೂದಿ

ಚಿಕ್ಕಗಂಗಮ್ಮನಿಗೆ ಎಮ್ಮೆ ಮೇಯಿಸಲು ಜಾಗವಿರಲಿಲ್ಲ. ಎಪ್ಪತ್ತಾರನೇ ಇಸವಿಯ ಹೊತ್ತಿಗೆ ಕುರುಬರಹಳ್ಳಿಯ ಸುತ್ತಲಿನ ಬಯಲಿನಲ್ಲೆಲ್ಲ ಸೈಟಿನ ಕಲ್ಲು ನೆಟ್ಟಾಗಿತ್ತು. ಉಳಿದದ್ದು ಪಂಚಾಕ್ಷರಿಯ ಶೆಡ್ಡಿನ ಹಿಂದಿನ ತುಂಡು ನೆಲ. ಆ ಶೆಡ್ಡಿನಲ್ಲಿ ಹಳೆಯ ಲಾರಿ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸವನ್ನು ಕುಲುಮೆಯಲ್ಲಿ ಕರಗಿಸಿ ಗಟ್ಟಿ ಹೊಯ್ಯುತ್ತಿದ್ದರು. ಹೊಗೆ ನೇರ ಅವಳ ಕೊಟ್ಟಿಗೆಗೆ ಬರುತ್ತಿತ್ತು.

ಬೆಳಿಗ್ಗೆ ಹಾಲು ಕರೆದ ಕೂಡಲೇ ಅವಳು ಬೇಲಿಯ ಬಳಿ ನಿಂತು ಬೈಯುತ್ತಿದ್ದಳು.

"ಲೋ ಪಂಚಾಕ್ಷರಿ, ನಿನ್ನ ಹೆಣ ಸುಟ್ಟ ಹೊಗೆನೂ ಇದಕ್ಕಿಂತ ವಾಸಿ ಇರತ್ತೆ ಕಣೋ!"

"ಆವತ್ತು ಬಂದು ಮೂಸಿ ಹೇಳು, ಗಂಗಮ್ಮ," ಎಂದು ಅವನು ಒಳಗಿನಿಂದ ಕೂಗುತ್ತಿದ್ದ.

ಪಂಚಾಕ್ಷರಿಯ ಅಪ್ಪ ಗಂಗಾಧರಯ್ಯ ಶೆಡ್ಡಿನ ಬಾಗಿಲಲ್ಲಿ ಕೂತಿರುತ್ತಿದ್ದ. ಪ್ರಾಯದಿಂದ ಸೀಸ ಕರಗಿಸಿದ ಅವನ ಎರಡೂ ಮಣಿಕಟ್ಟು ಜೋತುಬಿದ್ದಿದ್ದವು. ಕಾಫಿ ಲೋಟವನ್ನು ಸೊಸೆ ಹಿಡಿದು ಕುಡಿಸಬೇಕಿತ್ತು. ಮಳೆಗಾಲದಲ್ಲಿ ಎಮ್ಮೆಗಳಿಗೆ ರಕ್ತ ಹೀರುವ ಉಣ್ಣೆಹುಳ ಹತ್ತಿ, ಮೈಯೆಲ್ಲ ಗಾಯವಾದಾಗ ಅವನೇ ಗಂಗಮ್ಮನನ್ನು ಕರೆದ.

"ಒಲೆ ಬೂದಿಗೆಲ್ಲ ಉಣ್ಣೆ ಸಾಯಲ್ಲ ಕಣಮ್ಮ. ಕುಲುಮೆ ಬೂದಿ ತಗೊಂಡು ಹೋಗು. ಬಿಟ್ಟಿ."

ಎಮ್ಮೆಗೆ ಬೂದಿ ಬಳಿಯುವುದು ಅವಳ ಅತ್ತೆಯ ಕಾಲದಿಂದ ಬಂದ ಪದ್ಧತಿ. ಬೂದಿ ಎಂದರೆ ಬೂದಿ. ಬುಟ್ಟಿ ತುಂಬ ಹೊತ್ತು ತಂದು ಬೆನ್ನು, ಕೆಚ್ಚಲು, ಕಾಲಸಂದಿಗೆಲ್ಲ ತಿಕ್ಕಿದಳು. ಉಣ್ಣೆ ಉದುರಿದವು. ಬಿಟ್ಟಿ ತಂದವಳು ಬೈಯುವುದು ಹೇಗೆ? ಬೇಲಿಯ ಬಳಿ ಜಗಳ ನಿಂತಿತು.

ಎಮ್ಮೆಗಳು ತಮ್ಮ ಮೈ ನೆಕ್ಕಿಕೊಂಡವು. ಕರು ತಾಯಿಯ ಮೈ ನೆಕ್ಕಿತು. ದೀಪಾವಳಿಯ ಹೊತ್ತಿಗೆ ಅದು ಹಲ್ಲು ಕಡಿಯುತ್ತ ಗಿರಗಿರನೆ ಸುತ್ತತೊಡಗಿತು, ಆಮೇಲೆ ಗೋಡೆಗೆ ತಲೆ ಒತ್ತಿ ನಿಂತು ಸತ್ತಿತು. ಅದರ ತಾಯಿಗೆ ಕಣ್ಣು ಕಾಣದಾಯಿತು. ಹುಚ್ಚುನಾಯಿ ಕಡಿದಿದೆ ಎಂದು ಸುದ್ದಿ ಹಬ್ಬಿತು. ಬಸವೇಶ್ವರನಗರದಲ್ಲಿ ತಿಂಗಳ ಲೆಕ್ಕಕ್ಕೆ ವರ್ತನೆಯ ಹಾಲು ಹಾಕಿಸಿಕೊಳ್ಳುತ್ತಿದ್ದ ಮೇಷ್ಟರ ಹೆಂಡತಿ ವತ್ಸಲಾ ಗೇಟನ್ನೇ ತೆರೆಯಲಿಲ್ಲ.

"ನಾಳೆಯಿಂದ ಬೇಡಮ್ಮ. ಡೈರಿ ಹಾಲು ತಗೋತೀವಿ."

"ನನ್ನ ಹಾಲು ಕುಡಿದು ಯಾರಾದ್ರೂ ಸತ್ತಿದಾರಾ ಅಮ್ಮಾವ್ರೇ?"

"ಸಾಯೋವರೆಗೂ ಕುಡೀಬೇಕಾ?"

ದನದ ಡಾಕ್ಟರು ಬಂದು ಎಮ್ಮೆಯ ಬೆನ್ನಿನ ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಹುಚ್ಚಲ್ಲ, ಸೀಸದ ವಿಷ. ಹೊಗೆ ಕೂತ ಹುಲ್ಲು ತಿಂದಿವೆ, ಅದರ ಮೇಲೆ ಇದನ್ನ ನೆಕ್ಕಿವೆ. ಮೈ ತೊಳಿ. ಉಳಿಯೋದು ಡೌಟು."

ಅವಳು ಕೈ ಕೂಡ ತೊಳೆಯದೆ ಶೆಡ್ಡಿಗೆ ಹೋದಳು.

"ಬೂದೀಲಿ ವಿಷ ಅಂತ ಗೊತ್ತಿತ್ತೇನೋ ನಿಂಗೆ?"

ಪಂಚಾಕ್ಷರಿ ಅಪ್ಪನ ಮುಖ ನೋಡಿದ.

"ಅವನಿಗೇನು ಗೊತ್ತು," ಎಂದ ಗಂಗಾಧರಯ್ಯ. "ನಮ್ಮ ಮುತ್ತಾತ ಪಾಳೇಗಾರರ ಕೋವಿಗೆ ಸೀಸದ ಗುಂಡು ಹೊಯ್ತಿದ್ದ. ಅವನಿಗಿಂತ ಹಿಂದಿನೋರೂ ಇದೇ ಕೆಲಸ. ಊರಾಚೆ, ಗಾಳಿ ನೋಡ್ಕೊಂಡು ಬೆಂಕಿ ಹಾಕೋರು. ದನ ಮೂಸದ ಹಾಗೆ ಬೂದಿ ಹೂಳೋರು. ಈಗ ಊರಾಚೆ ಅನ್ನೋದು ಎಲ್ಲಿದೆ?"

"ಮತ್ತೆ ನಂಗ್ಯಾಕೆ ಕೊಟ್ಟೆ, ಮುದುಕ?"

"ನಿನ್ನ ಬಾಯಿ ಮುಚ್ಚಿಸೋಕೆ. ಮುಚ್ತಲ್ಲ."

ಬಾಗಿಲಿಗೆ ಒರಗಿಸಿದ್ದ ಹಾರೆ ಎತ್ತಿಕೊಂಡು ಅವಳು ಒಳಗೆ ನುಗ್ಗಿ ಕುಲುಮೆಯ ಬಾಯಿಗೆ ಬಡಿದಳು. ಮಣ್ಣು ಕುಸಿಯಿತು. ಪಂಚಾಕ್ಷರಿ ತಡೆಯಲಿಲ್ಲ.

"ಒಡಿ, ಒಡಿ. ಹೇಗೂ ಹೊಸದು ಕಟ್ಟಬೇಕಿತ್ತು."

ಮರುದಿನವೇ ಕಟ್ಟಿ ಬೆಂಕಿ ಹಾಕಿದ. ಗಾಳಿ ಕೊಟ್ಟಿಗೆಯ ಕಡೆಗಿತ್ತು. ಅವಳು ಬೇಲಿಯ ಬಳಿ ಬಂದು ಮತ್ತೆ ಬೈದಳು. ಒಳಗೆ ಅವನು ಬ್ಯಾಟರಿ ಒಡೆಯುತ್ತಿದ್ದ.

ಸಂಕ್ರಾಂತಿಗೆ ಕೊಟ್ಟಿಗೆ ಖಾಲಿಯಾಯಿತು. ಮೂರು ಎಮ್ಮೆ, ಒಂದು ಕರು, ವರ್ತನೆಯ ಹನ್ನೆರಡು ಮನೆ, ಎಲ್ಲ ಹೋದವು.