ಉಂಡೇಲಿನ ಕೈ

ಮಾವಿನ ತೋಪು ಇಟ್ಟುಕೊಂಡವನಿಗೆ ಶತ್ರುಗಳು ಎರಡು, ಆಲಿಕಲ್ಲು ಮತ್ತು ಗಿಣಿ. ಆಲಿಕಲ್ಲಿಗೆ ದೇವರೇ ಗತಿ. ಗಿಣಿಗೆ ಮಾತ್ರ ನಮ್ಮ ಶ್ರೀನಿವಾಸಪುರದ ಕಡೆ ಉಂಡೇಲು ಇದೆ. ಓದಿದವರು ಅದನ್ನು ಉಂಡೆಬಿಲ್ಲು ಎನ್ನುತ್ತಾರೆ. ಬಿದಿರಿನ ಬಿಲ್ಲು, ಅದಕ್ಕೆ ಜೋಡಿ ಹುರಿ, ಹುರಿಗಳ ನಡುವೆ ಒಂದು ಸಣ್ಣ ಬಟ್ಟೆಯ ಪಟ್ಟಿ. ಆ ಪಟ್ಟಿಯಲ್ಲಿ ಬಿಸಿಲಿಗೆ ಒಣಗಿಸಿದ ಮಣ್ಣಿನ ಉಂಡೆ ಇಟ್ಟು ಎಳೆದು ಬಿಟ್ಟರೆ ಸರಿ, ಗಿಣಿ ಆಂಧ್ರ ಸೇರುತ್ತದೆ.

ನನಗೆ ಓದು ಹತ್ತಲಿಲ್ಲ. ವ್ಯಾಪಾರಕ್ಕೆ ಕೂತರೆ ಗಿರಾಕಿಯ ಮುಖ ನೋಡಿ ತೂಕ ಹೆಚ್ಚು ಹಾಕಿಬಿಡುತ್ತಿದ್ದೆ. ಹಾಡಲು ಬರದು, ಜಗಳವಾಡಲೂ ಸರಿಯಾಗಿ ಬರದು. ಊರಿನಲ್ಲಿ ಯಾರಾದರೂ ‘ಕೋದಂಡರಾಮಪ್ಪ’ ಎಂದು ನನ್ನ ಹೆಸರೆತ್ತಿದರೆ ಅದು ಗುರಿಯ ವಿಷಯಕ್ಕೆ ಮಾತ್ರ. ಕೊಂಬೆಗೆ ಪೆಟ್ಟಾಗದೆ, ಹಣ್ಣಿಗೆ ಪೆಟ್ಟಾಗದೆ, ಗಿಣಿಯ ಪಕ್ಕದ ಎಲೆಯನ್ನೇ ಹಾರಿಸುತ್ತಿದ್ದೆ. ಯಾರೂ ಕಲಿಸಲಿಲ್ಲ, ತಾನಾಗಿ ಬಂತು ಎಂದು ನಲವತ್ತೆರಡನೇ ವಯಸ್ಸಿನವರೆಗೂ ಹೇಳಿಕೊಂಡು ಮೀಸೆ ತಿರುವಿದೆ. ನನ್ನ ಹತ್ತಿರ ಇದ್ದ ಆಸ್ತಿ ಅದೇ. ತೋಪು ಅಪ್ಪನದು.

ಮೂವತ್ತೇಳನೇ ಇಸವಿಯ ಯುಗಾದಿ ಕಳೆದ ಮೇಲೆ ಊರಲ್ಲಿ ಬಿಲ್ಲುಗಾರರ ಸಂಘ ಒಂದು ಶುರುವಾಯಿತು. ಶುರು ಮಾಡಿದವರು ರಿಟೈರಾದ ಡ್ರಿಲ್ ಮೇಷ್ಟ್ರು ವೆಂಕಟರಾಯಪ್ಪನವರು. ಅವರು ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಬಿಳಿ ದೊರೆಗಳೂ ದೊರೆಸಾನಿಯರೂ ಬಣ್ಣದ ಗುರಿಗೆ ಬಾಣ ಬಿಡುವುದನ್ನು ಕಂಡು ಬಂದಿದ್ದರು. ದೊರೆಸಾನಿ ಬಿಡಬಹುದಾದರೆ ನಾವೇಕೆ ಬಿಡಬಾರದು ಎಂಬುದು ಅವರ ವಾದ. ಬತ್ತಿದ ಕೆರೆಯಂಗಳದಲ್ಲಿ ಹುಲ್ಲಿನ ಹಗ್ಗ ಸುತ್ತಿ ಗಾಡಿಯ ಚಕ್ರದಷ್ಟು ದೊಡ್ಡ ಗುರಿ ಮಾಡಿಸಿದ್ದರು. ಅದರ ಮೇಲೆ ಬಟ್ಟೆ ಹೊಲಿಸಿ, ಸುತ್ತು ಸುತ್ತಾಗಿ ಬಣ್ಣ ಬಳಿಸಿದ್ದರು. ಮಹಾರಾಜರ ವರ್ಧಂತಿಗೆ ಕೋಲಾರದಲ್ಲಿ ಪಂದ್ಯ, ಸಂಘದಿಂದ ಐದು ಜನ ಹೋಗಬೇಕು ಎಂಬ ಸುದ್ದಿ ಕಾಫಿ ಹೋಟೆಲಿನಲ್ಲಿ ನನ್ನ ಕಿವಿಗೆ ಬಿತ್ತು.

ನಾನು ಆವತ್ತು ಸಾಯಂಕಾಲವೇ ಹೋದೆ. ಗುರಿ ನೋಡಿ ನಗು ಬಂತು.

“ಮೇಷ್ಟ್ರೇ, ಇಷ್ಟು ದೊಡ್ಡದಾ? ಇದಕ್ಕೆ ಕಣ್ಣು ಮುಚ್ಕೊಂಡು ಹೊಡೀಬೋದು” ಎಂದೆ.

“ಕಣ್ಣು ಬಿಟ್ಕೊಂಡೇ ಹೊಡೀರಿ” ಎಂದು ಮೇಷ್ಟ್ರು ಬಿಲ್ಲು ಕೊಟ್ಟರು.

ಆರು ಬಾಣ ಬಿಟ್ಟೆ. ಒಂದೂ ತಾಗಲಿಲ್ಲ. ಆರೂ ಗುರಿಯ ಎಡಕ್ಕೆ ಹಾದು ಹಿಂದಿನ ಮಣ್ಣಿನ ದಿಬ್ಬಕ್ಕೆ ನೆಟ್ಟುಕೊಂಡವು. ಸಂಘದಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತ ಕದಿರೇಶ ಎಂಬುವನಿದ್ದ, ನಾಲಿಗೆ ಹರಿತ. “ಏನಣ್ಣೋ, ಹೆಸರಿಗೆ ಕೋದಂಡರಾಮ, ಬಾಣ ಮಾತ್ರ ಲಂಕೆ ಬಿಟ್ಟು ಬೇರೆಲ್ಲೋ ಹೋಯ್ತಲ್ಲ” ಎಂದ. ಎಲ್ಲರೂ ನಕ್ಕರು. ಬಿಲ್ಲು ಸರಿಯಿಲ್ಲ ಎಂದೆ. ಮೇಷ್ಟ್ರು ಇನ್ನೊಂದು ಬಿಲ್ಲು ಕೊಟ್ಟರು. ಅದರಲ್ಲೂ ಎಡಕ್ಕೇ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕದಿರೇಶ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವನ ಮುಖದಲ್ಲಿ ಅದೇ ಬರೆದಿತ್ತು.

ಸಂಘದ ನಿಯಮ ಸ್ಪಷ್ಟವಾಗಿತ್ತು. ಇದ್ದ ಬಾಣ ಕಡಿಮೆ, ಬರುವ ಜನ ಹೆಚ್ಚು. ಹೊಸಬನಿಗೆ ಒಂದು ತಿಂಗಳು ಅವಕಾಶ. ಆಮೇಲೆ ಪರೀಕ್ಷೆ: ಮೂವತ್ತು, ಐವತ್ತು, ಎಪ್ಪತ್ತು ಹೆಜ್ಜೆ, ಒಂದೊಂದು ದೂರಕ್ಕೆ ಎರಡೆರಡು ಬಾಣ. ಆರರಲ್ಲಿ ನಾಲ್ಕು ತಾಗಿದರೆ ಸದಸ್ಯ, ಇಲ್ಲದಿದ್ದರೆ ನಮಸ್ಕಾರ. ಮನೆಗೆ ಹೋಗುವ ದಾರಿಯಲ್ಲಿ ನನಗೆ ಭಯ ಹತ್ತಿತು. ತಾಗದೆ ಹೋದರೆ ಸಂಘ ಹೋಗುವುದು ಹಾಗಿರಲಿ, ಊರವರ ಬಾಯಲ್ಲಿ ಕೋದಂಡರಾಮಪ್ಪನ ಗುರಿ ಎಂಬ ಮಾತೂ ಹೋಗುತ್ತದೆ. ಆಮೇಲೆ ನನ್ನನ್ನು ಯಾವುದಕ್ಕೆ ಕರೆಯುತ್ತಾರೆ?

ಭಯದ ಜೊತೆಗೆ ಇನ್ನೊಂದು ಹುಳ ತಲೆ ಹೊಕ್ಕಿತ್ತು. ಗುರಿ ಬರದವನ ಬಾಣ ಒಂದು ಆಕಡೆ ಬೀಳುತ್ತದೆ, ಒಂದು ಈಕಡೆ ಬೀಳುತ್ತದೆ. ನನ್ನವು ಹಾಗಲ್ಲ. ಮರುದಿನ ದಿಬ್ಬದ ಹತ್ತಿರ ಹೋಗಿ ನೋಡಿದೆ. ನನ್ನ ಬಾಣದ ತೂತುಗಳೆಲ್ಲ ಒಂದು ಅಂಗೈ ಅಗಲದಲ್ಲಿ ಇದ್ದವು. ಅಷ್ಟು ಒತ್ತಾಗಿ ಕದಿರೇಶನಿಗೂ ಬೀಳುತ್ತಿರಲಿಲ್ಲ. ಕಣ್ಣು ಸರಿಯಿದೆ, ಕೈ ನಡುಗುತ್ತಿಲ್ಲ. ಹಾಗಾದರೆ ಬಾಣವನ್ನು ಎಡಕ್ಕೆ ಎಳೆಯುತ್ತಿರುವುದು ಯಾರು?

ಆ ಪ್ರಶ್ನೆ ನನಗೆ ಊಟ ಸೇರದಂತೆ ಮಾಡಿತು. ನಾನೇ ಬಿದಿರು ಸೀಳಿ ಒಂದು ಬಿಲ್ಲು ಮಾಡಿಕೊಂಡೆ, ಕೆರೆಯಂಚಿನಲ್ಲಿ ಬೆಳೆಯುವ ಲಾಳದ ಕಡ್ಡಿಯ ಬಾಣ ಮಾಡಿಕೊಂಡೆ, ತೋಪಿನಲ್ಲಿ ಹುಲ್ಲಿನ ಕಂತೆ ನಿಲ್ಲಿಸಿದೆ. ಎಡಗಣ್ಣು ಮುಚ್ಚಿ ಹೊಡೆದೆ. ಬಲಗಣ್ಣು ಮುಚ್ಚಿ ಹೊಡೆದೆ. ಕಾಲು ಹತ್ತಿರ ಇಟ್ಟೆ, ದೂರ ಇಟ್ಟೆ, ಉಸಿರು ಹಿಡಿದೆ, ಉಸಿರು ಬಿಟ್ಟೆ. ಗಾಳಿ ಇಲ್ಲದ ಬೆಳಗ್ಗೆ ಹೊಡೆದೆ. ಎಲ್ಲವೂ ಎಡಕ್ಕೆ. ಹಾಗಾದರೆ ಬಲಕ್ಕೆ ಗುರಿಯಿಟ್ಟರಾಯಿತು ಎಂದು ಕಂತೆಯ ಪಕ್ಕದ ಬೇಲಿಗೂಟ ನೋಡಿ ಹೊಡೆದೆ, ಮೂವತ್ತು ಹೆಜ್ಜೆಯಲ್ಲಿ ತಾಗಿತು. ಕುಣಿದಾಡಿದೆ. ಐವತ್ತು ಹೆಜ್ಜೆಗೆ ಹೋದರೆ ಆ ಗೂಟ ಕೆಲಸಕ್ಕೆ ಬರಲಿಲ್ಲ. ದೂರ ಬದಲಾದರೆ ಎಲ್ಲವೂ ಬದಲು. ಕೆರೆಯಂಗಳದಲ್ಲಿ ಮೇಷ್ಟ್ರು ನನಗಾಗಿ ಮೂರು ಕಡೆ ಗೂಟ ನೆಡುತ್ತಾರೆಯೇ?

ಮೇಷ್ಟ್ರು ಒಳ್ಳೆಯವರು, ಪಾಪ. ನನ್ನ ಸುತ್ತ ಎರಡು ಸುತ್ತು ಬಂದು ನೋಡಿದರು. “ನಿಲುವು ಸರಿ, ಎಳೆತ ಸರಿ, ಎಲ್ಲಾ ಸರಿ. ನಿಮ್ಮಂಥ ಕೇಸು ನಾನು ದಂಡಿನಲ್ಲೂ ಕಾಣಲಿಲ್ಲ” ಎಂದು ತಲೆ ಕೆರೆದುಕೊಂಡರು. ದಂಡಿನ ದೊರೆಗಳು ಯಾರೂ ಗಿಣಿ ಕಾದವರಲ್ಲ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹದಿನೆಂಟು ದಿನ ಕಳೆದಿತ್ತು. ಒಂದು ಮಧ್ಯಾಹ್ನ ನನ್ನ ತಾಯಿ ದೊಡ್ಡಮುನಿಯಮ್ಮ ಮುದ್ದೆ, ಉಪ್ಸಾರು ಹೊತ್ತುಕೊಂಡು ತೋಪಿಗೆ ಬಂದಳು. ವಯಸ್ಸು ಎಪ್ಪತ್ತರ ಹತ್ತಿರ, ಆದರೆ ಬೆನ್ನು ಇನ್ನೂ ಬಾಗಿರಲಿಲ್ಲ. ಗಡಿಗೆ ಇಳಿಸಿ ಮರದ ಕೆಳಗೆ ಕೂತು ನಾನು ಹೊಡೆಯುವುದನ್ನು ನೋಡಿದಳು. ಮೂರನೇ ಬಾಣಕ್ಕೆ ಕಿಸಕ್ಕನೆ ನಕ್ಕಳು.

“ಏಮಿರಾ ನಾಯ್ನಾ, ಬಾಣ ಬಿಡ್ತಿದ್ದೀಯೋ, ಉಂಡೆ ಹೊಡೀತಿದ್ದೀಯೋ?”

“ಯಾಕಮ್ಮ?”

“ಎಡಗೈ ನೋಡ್ಕೊಳ್ಳೋ. ಬಿಡುವಾಗ ಮಣಿಕಟ್ಟು ತಿರುಗಿಸ್ತೀಯಲ್ಲ.”

“ನಾನಾ? ಇಲ್ಲವಲ್ಲ.”

“ಇಲ್ಲವಂತೆ! ಮೂವತ್ತು ವರ್ಷದಿಂದ ತಿರುಗಿಸ್ತಾ ಇದ್ದೀಯ, ಈಗ ಇಲ್ಲ ಅಂತೀಯ.”

ಇನ್ನೊಂದು ಬಾಣ ಹೂಡಿದೆ. ಈ ಸಲ ಗುರಿ ನೋಡಲಿಲ್ಲ, ನನ್ನ ಮಣಿಕಟ್ಟನ್ನೇ ನೋಡಿದೆ. ಬಿಟ್ಟೆ. ಹೌದು! ಹುರಿ ಬಿಟ್ಟ ಕ್ಷಣದಲ್ಲೇ ಕೈ ತಾನಾಗಿ ಹೊರಕ್ಕೆ ಹೊರಳಿತು, ಬಿಲ್ಲೂ ಜೊತೆಗೆ ಹೊರಳಿತು. ನಾನು ಹೇಳಿರಲಿಲ್ಲ, ಕೇಳಿರಲಿಲ್ಲ, ಕೈ ಅದರ ಪಾಡಿಗೆ ಅದು ಮಾಡಿತು.

ಉಂಡೇಲಿನಲ್ಲಿ ಅದು ಬೇಕೇ ಬೇಕು. ಬಾಣವಾದರೆ ಬಿಲ್ಲಿನ ಪಕ್ಕದಲ್ಲಿ ಜಾರಿ ಹೋಗುತ್ತದೆ. ಉಂಡೆ ಹಾಗಲ್ಲ, ಹುರಿಯ ನಡುವಿನಿಂದ ನೇರ ಬರುತ್ತದೆ. ನೇರಕ್ಕೆ ಏನಿದೆ? ಬಿಲ್ಲು ಹಿಡಿದ ಎಡಗೈಯ ಹೆಬ್ಬೆರಳು. ಬಿಡುವ ಹೊತ್ತಿಗೆ ಸರಿಯಾಗಿ ಬಿಲ್ಲನ್ನು ಹೊರಳಿಸಿ ಉಂಡೆಗೆ ದಾರಿ ಬಿಡಬೇಕು. ಬಿಡದಿದ್ದರೆ ಬೆರಳು ಜಜ್ಜಿ ಹೋಗುತ್ತದೆ. ಚಿಕ್ಕವನಿದ್ದಾಗ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡದ್ದು ನನಗೆ ಆಗ ನೆನಪಾಯಿತು. ಆಮೇಲೆ ಕೈ ಕಲಿತುಕೊಂಡಿತ್ತು, ನನಗೆ ಮಾತ್ರ ತಿಳಿಸಿರಲಿಲ್ಲ. ನನ್ನದೇ ಕೈ ನನ್ನಿಂದ ಇಷ್ಟು ವರ್ಷ ಒಂದು ವಿಷಯ ಮುಚ್ಚಿಟ್ಟಿತ್ತಲ್ಲ ಎಂದು ಬೆರಗಾಗಿ ಮುದ್ದೆ ಆರುವವರೆಗೂ ಮಣಿಕಟ್ಟು ತಿರುಗಿಸಿ ತಿರುಗಿಸಿ ನೋಡುತ್ತಾ ಕೂತೆ.

“ನಿನಗೆ ಹೆಂಗಮ್ಮ ಗೊತ್ತಾಯ್ತು?” ಎಂದೆ.

“ನೋಡಿದ್ದೀನಲ್ಲ. ಉಣ್ಣು” ಎಂದು ಮಾತು ಮುಗಿಸಿದಳು.

ತಿಳಿಯುವುದೇ ಬೇರೆ, ಬಿಡುವುದೇ ಬೇರೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುವುದು ಸುಳ್ಳಲ್ಲ. ತಿರುಗಿಸಬಾರದು ಎಂದುಕೊಂಡಷ್ಟೂ ಕೈ ಹೆಚ್ಚು ತಿರುಗಿತು. ಕೊನೆಗೆ ಮೂಳೆ ಮುರಿದವರಿಗೆ ಕಟ್ಟುವ ಹಾಗೆ ಮಣಿಕಟ್ಟಿಗೆ ಎರಡು ಬಿದಿರ ದಬ್ಬೆ ಇಟ್ಟು, ಹಳೇ ಪಂಚೆಯಲ್ಲಿ ಬಿಗಿದು ಕಟ್ಟಿಕೊಂಡೆ. ಉಣ್ಣುವಾಗಲೂ ಬಿಚ್ಚಲಿಲ್ಲ. ನನ್ನ ಹೆಂಡತಿ ಅನಸೂಯಮ್ಮ ಮೊದಲ ದಿನ ನಕ್ಕಳು, ಎರಡನೇ ದಿನ ರೇಗಿದಳು.

“ರಸಪುರಿ ಬಣ್ಣ ತಿರುಗ್ತಾ ಇದೆ. ಗಿಣಿ ಹಿಂಡು ಹಿಂಡಾಗಿ ಬರ್ತಾವೆ. ನೀವು ಕೈ ಕಟ್ಕೊಂಡು ಕೂತ್ರೆ ತೋಪು ಕಾಯೋರು ಯಾರು?”

“ಹತ್ತು ದಿನ ಡಬ್ಬ ಬಡಿ. ಆಮೇಲೆ ನಾನಿದ್ದೀನಿ” ಎಂದೆ.

ಅವಳು ಸೀಮೆಎಣ್ಣೆ ಡಬ್ಬ ಬಡಿದಳು. ಗಿಣಿಗಳು ಎರಡು ದಿನ ಹೆದರಿದವು, ಮೂರನೇ ದಿನ ಆ ಸದ್ದು ಕೇಳಿಕೊಂಡೇ ಹಣ್ಣು ತಿಂದವು. ಅಮ್ಮ ಒಮ್ಮೆ ಹೇಳಿದಳು, “ಒಂದು ಕೈಗೆ ಎರಡು ಬುದ್ಧಿ ಇರಲ್ಲ ಕಣೋ. ನೋಡ್ಕೊಂಡು ಮಾಡು.” ಮುದುಕಿಗೇನು ಗೊತ್ತು ಎಂದುಕೊಂಡೆ. ಇವತ್ತು ಅದನ್ನು ಹೇಳುವಾಗ ನಾಚಿಕೆಯಾಗುತ್ತದೆ.

ಪರೀಕ್ಷೆಯ ದಿನ ಕೆರೆಯಂಗಳಕ್ಕೆ ಹೋಗಿ ದಬ್ಬೆ ಬಿಚ್ಚಿದೆ. ಮೂವತ್ತು ಹೆಜ್ಜೆಯಲ್ಲಿ ಮೊದಲನೆಯದು ಗುರಿಯ ಎಡ ಅಂಚಿಗೆ ತಾಗಿತು, ಎರಡನೆಯದು ಕೆಂಪು ಸುತ್ತಿಗೆ ಹೋಯಿತು. ಕದಿರೇಶನ ಬಾಯಿ ಮುಚ್ಚಿತು. ಐವತ್ತರಲ್ಲಿ ಒಂದು ತಾಗಿತು, ಇನ್ನೊಂದು ಬಿಡುವಾಗ ಗಿಣಿ ಕೂಗಿದ ಸದ್ದು ಎಲ್ಲಿಂದಲೋ ಕೇಳಿ ಕೈ ಹೊರಳಿಬಿಟ್ಟಿತು. ಎಪ್ಪತ್ತಕ್ಕೆ ನಿಂತಾಗ ಒಂದೇ ಒಂದು ತಾಗಬೇಕಿತ್ತು. ಐದನೆಯದು ಗುರಿಯ ಮೇಲೆ ಹಾರಿ ಹೋಯಿತು. ಆರನೆಯದನ್ನು ಹೂಡಿ ನಾನು ಗುರಿ ನೋಡಿದೆನೋ ಇಲ್ಲವೋ ನೆನಪಿಲ್ಲ, ಮಣಿಕಟ್ಟಿಗೆ ಮಾತ್ರ ‘ಸುಮ್ಮನಿರು ತಂದೆ’ ಎಂದು ಬೇಡಿಕೊಂಡೆ. ಬಾಣ ಹೋಗಿ ಹುಲ್ಲಿಗೆ ಧಪ್ಪೆಂದು ಬಿತ್ತು. ಮೇಷ್ಟ್ರು ಬಂದು ಬೆನ್ನು ತಟ್ಟಿದರು. “ಕೋಲಾರದ ಐದು ಜನದಲ್ಲಿ ನಿಮ್ಮ ಹೆಸರೂ ಬರೀತೀನಿ. ನಿಮ್ಮಷ್ಟು ಒತ್ತಾಗಿ ಹೊಡೆಯೋರು ನಮ್ಮಲ್ಲಿ ಇಲ್ಲ. ಇನ್ನು ಹದಿನೈದು ದಿನ ಇದೆ” ಎಂದರು.

ಊರು ದಾಟಿ ತೋಪಿಗೆ ಓಡಿಯೇ ಬಂದೆ. ಅಮ್ಮ, ಅನಸೂಯಮ್ಮ ಇಬ್ಬರೂ ಗುಡಿಸಲ ಮುಂದೆ ಇದ್ದರು. ರಸಪುರಿ ಮರದ ತುಂಬ ಗಿಣಿ. ಸುದ್ದಿ ಹೇಳಿ, “ಇನ್ನು ನೋಡಿ ನಿಮ್ಮ ಗಿಣಿಗಳ ಪಾಡು” ಎಂದು ಉಂಡೇಲು ತೆಗೆದು ಉಂಡೆ ಇಟ್ಟು ಎಳೆದು ಬಿಟ್ಟೆ.

ಕಣ್ಣಲ್ಲಿ ಬೆಂಕಿ ಬಂತು. ಉಂಡೆ ನೇರವಾಗಿ ನನ್ನ ಹೆಬ್ಬೆರಳಿಗೆ ಬಡಿದು ಪುಡಿಯಾಗಿತ್ತು. ಬಿಲ್ಲು ಬಿಸಾಡಿ, ಕೈ ತೊಡೆಗಳ ನಡುವೆ ಒತ್ತಿಕೊಂಡು ಕುಕ್ಕರಿಸಿದೆ. ಗಿಣಿಗಳು ಒಂದೂ ಏಳಲಿಲ್ಲ. ಅನಸೂಯಮ್ಮ “ಅಯ್ಯಯ್ಯೋ” ಎಂದು ನೀರು ತರಲು ಓಡಿದಳು.

ನೋವಿಗಿಂತ ನನಗೆ ಆಗ ಭಯವಾಯಿತು. ಕೈ ಸುಮ್ಮನಿರುವುದನ್ನು ಕಲಿತಿತ್ತು, ಹಳೆಯದನ್ನು ಬಿಟ್ಟುಬಿಟ್ಟಿತ್ತು. ಕೋಲಾರಕ್ಕೆ ಹೋಗಬೇಕಾದರೆ ಇದು ಹೀಗೇ ಇರಬೇಕು, ಹೀಗೇ ಇದ್ದರೆ ತೋಪು ಹೋಯಿತು. ತೋಪು ಉಳಿಸಲು ಕೈ ತಿರುಗಿಸಿದರೆ ಮತ್ತೆ ಬಾಣ ಎಡಕ್ಕೆ. ಎರಡು ದೋಣಿಯಲ್ಲಿ ಕಾಲಿಟ್ಟವನ ಕಥೆ ಕೇಳಿದ್ದೆ, ಅವನು ನಾನೇ ಆಗುತ್ತೇನೆಂದು ತಿಳಿದಿರಲಿಲ್ಲ. “ಅಮ್ಮಾ, ಮೇಷ್ಟ್ರಿಗೆ ಹೇಳಿಬಿಡ್ತೀನಿ, ನಾನು ಕೋಲಾರಕ್ಕೆ ಬರಲ್ಲ ಅಂತ” ಎಂದೆ.

ಅಮ್ಮ ಹತ್ತಿರ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಿದ್ದಿದ್ದ ಉಂಡೇಲು ಎತ್ತಿಕೊಂಡು ಹುರಿಯನ್ನು ಒಮ್ಮೆ ಮಿಡಿದು ನೋಡಿದಳು, ಬುಟ್ಟಿಯಿಂದ ಒಂದು ಉಂಡೆ ಆರಿಸಿದಳು. ಎಳೆದು ಬಿಟ್ಟಳು. ಕೊಂಬೆಗೆ ತಾಗಲಿಲ್ಲ, ಹಣ್ಣಿಗೆ ತಾಗಲಿಲ್ಲ. ಗಿಣಿಯ ಪಕ್ಕದ ಎಲೆ ಹಾರಿ ಬಿತ್ತು, ಮರದಲ್ಲಿದ್ದ ಹಿಂಡೆಲ್ಲ ಕಿರುಚಿಕೊಂಡು ಎದ್ದು ಹೋಯಿತು. ನಾನು ಅವಳ ಮಣಿಕಟ್ಟನ್ನೇ ನೋಡುತ್ತಿದ್ದೆ. ಬೀಗದ ಕೈ ತಿರುಗಿಸಿದಷ್ಟೇ ಹಗುರಾಗಿ ಹೊರಳಿ, ಮತ್ತೆ ತನ್ನ ಜಾಗಕ್ಕೆ ಬಂತು.

“ಅಮ್ಮಾ! ನೀನ್ಯಾವಾಗ ಕಲ್ತೆ?”

“ನಿಮ್ಮಪ್ಪಂಗೆ ಈ ತೋಪು ಕಾಯ್ದುಕೊಟ್ಟೋಳು ಯಾರು ಅನ್ಕೊಂಡಿದ್ದೆ? ನೀನು ನನ್ನ ಸೊಂಟದ ಮೇಲೆ ಕೂತು ನೋಡ್ತಾ ಇದ್ದೆ.”

“ಮತ್ತೆ ಇಷ್ಟು ವರ್ಷ ಯಾಕೆ ಮುಟ್ಟಲಿಲ್ಲ? ನಾನು ಒಂದು ದಿನಾನೂ ನೋಡಿದ ನೆನಪಿಲ್ಲವಲ್ಲ.”

ಅವಳು ಮರದ ಕಡೆಯೇ ನೋಡುತ್ತಾ ಹೇಳಿದಳು. “ಓದು ಹತ್ತಲಿಲ್ಲ ಅಂತ ಐನೋರು ನಿನ್ನ ಇಸ್ಕೂಲಿಂದ ಕಳಿಸಿದ್ರು. ಮೂಲೆ ಹಿಡಿದು ಕೂತುಬಿಟ್ಟೆ. ಒಂದಿನ ನೀನು ಹೊಡೆದ ಏಟಿಗೆ ಗಿಣಿ ಹಾರ್ತು, ಬೀದಿಯೋರೆಲ್ಲ ಭಲಾ ಅಂದ್ರು. ಆವತ್ತು ನೀನು ಎರಡು ಮುದ್ದೆ ಉಂಡೆ. ಆಮೇಲೆ ನಾನ್ಯಾಕೆ ಹೊಡೀಲಿ? ಅವರಮ್ಮ ಇವನಿಗಿಂತ ಚೆನ್ನಾಗಿ ಹೊಡೀತಾಳೆ ಅಂತ ಒಬ್ಬ ಅಂದಿದ್ರೂ ನೀನು ಮತ್ತೆ ಮೂಲೆ ಸೇರ್ತಿದ್ದೆ.”

ತಾನಾಗಿ ಬಂತು ಎಂದು ಊರ ತುಂಬ ಹೇಳಿಕೊಂಡು ತಿರುಗಿದವನು ನಾನು. ಬೆರಳಿನ ನೋವು ಮರೆತೇ ಹೋಯಿತು, ಕಣ್ಣಲ್ಲಿ ನೀರು ಮಾತ್ರ ನಿಲ್ಲಲಿಲ್ಲ.

“ಬೆರಳಿಗೆ ಅರಿಶಿನ ಕಟ್ಟಿಸ್ಕೋ, ಎಂಟು ದಿನಕ್ಕೆ ಇಳೀತದೆ. ಕೋಲಾರಕ್ಕೆ ಹೋಗ್ಬಾ. ಕೈ ಮಾತ್ರ ತಿರುಗಿಸ್ಬೇಡ” ಎಂದು ಅಮ್ಮ ನನ್ನ ಕಡೆ ಅಂಗೈ ಚಾಚಿದಳು. “ಉಂಡೆ ಕೊಡು ಇತ್ಲಾಗೆ. ಆ ತುದೀಲಿ ಇನ್ನೊಂದು ಕೂತದೆ.”

ನಾನು ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, ಬಲಗೈಯಲ್ಲಿ ಒಂದೊಂದೇ ಉಂಡೆ ಆರಿಸಿ ಅವಳಿಗೆ ಕೊಡುತ್ತಾ ಕೂತೆ.