ಎರಡಡಿ ದಾರಿ

ಪ್ರಶಾಂತ ಇಬ್ಬರು ಕೂಲಿಯವರನ್ನು ಕರೆದುಕೊಂಡು ಮೆಟ್ಟಿಲು ಹತ್ತಿದಾಗ ಮಹಾದೇವಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೆಳಗೆ ಟೆಂಪೋ ಕಾಯುತ್ತಿತ್ತು.

ಮನೆ ಪ್ರಶಾಂತನ ಸೋದರತ್ತೆ ಗುರುಬಾಯಿಯದು. ಆಂಟಾಪ್ ಹಿಲ್‌ನ ಆ ಒಂದೇ ಕೋಣೆಯಲ್ಲಿ ಹಳೆಯ ಪೇಪರು, ತೊಳೆದಿಟ್ಟ ಹಾಲಿನ ಚೀಲ, ಹೋಟೆಲಿನ ಪಾರ್ಸಲ್ ಡಬ್ಬಿ, ಕಡ್ಡಿ ಮುರಿದ ಛತ್ರಿಗಳು ಎದೆಮಟ್ಟ ಬೆಳೆದಿದ್ದವು. ಹೋದ ವಾರ ಒಂದು ರಾಶಿ ಜಾರಿ ಮುದುಕಿ ಅದರಡಿ ಸಿಕ್ಕಿಕೊಂಡಿದ್ದಳು. ಕೂಗು ಕೇಳಿ ಎಳೆದು ತೆಗೆದವಳು ಪಕ್ಕದ ಮನೆಯ ಮಹಾದೇವಿಯೇ.

"ನಾ ಅತ್ತಿ ಜೀವಾ ಉಳಸಾಕ ಬಂದೀನಿ," ಎಂದ ಪ್ರಶಾಂತ.

"ಗೊತ್ತೈತ್ರಿ ಅಣ್ಣಾರ. ಆದ್ರ ಅವರನ್ನ ಕೇಳದ ಒಂದ್ ಚೀಟಿನೂ ಹೊರಗ ಹೋಗೂದು ಬ್ಯಾಡ. ನನಗೊಂದು ವಾರ ಕೊಡ್ರಿ."

ಅವನು ಕೂಲಿಯವರನ್ನು ಕೆಳಗಿಳಿಸಿ ಟೆಂಪೋ ವಾಪಸು ಕಳಿಸಿದ.

ಮಹಾದೇವಿ ಅಂಧೇರಿಯ ಆಸ್ಪತ್ರೆಯೊಂದರಲ್ಲಿ ಆಯಾ. ಸಂಜೆ ಲೋಕಲ್ ರೈಲು ಇಳಿದವಳೇ ಬಂದು ಗುರುಬಾಯಿಯ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಮಂಚದಿಂದ ಬಚ್ಚಲಿಗೆ, ಬಾಗಿಲಿಗೆ ಒಂದು ದಾರಿ ಸಾಕು, ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ನೀವೇ ಹೇಳಿರಿ ಎಂದಳು. ಮೊದಲ ದಿನ ಹೋದದ್ದು ಮೂರು ಪೇಪರು, ಒಂದು ಛತ್ರಿ.

ಮರುದಿನ ಗುರುಬಾಯಿ ಉಂಡಿರಲಿಲ್ಲ. ಛತ್ರಿ ಕೊಡಬಾರದಿತ್ತು ಎಂದಷ್ಟೇ ಹೇಳಿ ಗೋಡೆಗೆ ಮುಖ ಮಾಡಿದಳು. ಮಹಾದೇವಿ ಏಕೆಂದು ಕೇಳದೆ ಗುಜರಿ ಅಂಗಡಿಗೆ ನಡೆದಳು. ಅಲ್ಲಿನ ಗುಡ್ಡೆಯಲ್ಲಿ ಅರ್ಧ ತಾಸು ಕೈಯಾಡಿಸಿ, ಅದೇ ಛತ್ರಿಯನ್ನು ತಂದು ಮುದುಕಿಯ ಮಡಿಲಲ್ಲಿಟ್ಟಳು.

ಗುರುಬಾಯಿ ಅದರ ಹಿಡಿಯನ್ನು ಸವರಿದಳು. "ಹೊಳ್ಳಿ ತರತಿ ಅಂದ್ಕೊಂಡಿರಲಿಲ್ಲವ್ವಾ."

"ನಿಮ್ದಲ್ಲೇನ್ರಿ ದೊಡ್ಡವ್ವ."

ಆಮೇಲೆ ಮುದುಕಿಯೇ ಒಂದೊಂದನ್ನು ಎತ್ತಿ, ಅದು ಬಂದ ಕಥೆ ಹೇಳಿ, ಕೆಲವನ್ನು ಪಕ್ಕಕ್ಕಿಟ್ಟು ಕೆಲವನ್ನು ಮಹಾದೇವಿಯ ಕೈಗೆ ಕೊಡತೊಡಗಿದಳು. ಕಥೆ ಮುಗಿಯುವವರೆಗೆ ಮಹಾದೇವಿ ಚೀಲದ ಬಾಯಿ ತೆರೆಯುತ್ತಿರಲಿಲ್ಲ.

ಭಾನುವಾರ ಪ್ರಶಾಂತ ಬಂದಾಗ ರಾಶಿಗಳು ಇನ್ನೂ ಸೊಂಟದೆತ್ತರಕ್ಕಿದ್ದವು. ನಡುವೆ ಎರಡಡಿ ಅಗಲದ ದಾರಿ ಬಿದ್ದಿತ್ತು. ಗುರುಬಾಯಿ ಮಂಚದಿಂದೆದ್ದು ಯಾವುದಕ್ಕೂ ಆತುಕೊಳ್ಳದೆ ಬಾಗಿಲವರೆಗೆ ನಡೆದು ಬಂದಳು.

"ಒಳಗ ಬಾ," ಎಂದಳು.

ಅವನು ಚಪ್ಪಲಿ ಬಿಟ್ಟು, ಒಂದು ಕಾಗದವೂ ತಾಕದಂತೆ ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಅತ್ತೆಯ ಹಿಂದೆ ನಡೆದ.