ಹೆಸರು ಬಿಟ್ಟು ಹೇಳಿದ ಪ್ರಾರ್ಥನೆ

ಚಿಕ್ಕಪ್ಪ ತೀರಿಹೋಗಿ, ಮಗಳೂ ಮದುವೆಯಾಗಿ ಹೋದ ಮೇಲೆ ಹೊಲಿಗೆ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದ ಚಿಕ್ಕಮ್ಮ, ಅಂಗಿಗೆ ಕಾಜಾ ಹಾಕುತ್ತಾ, ತಲೆ ಎತ್ತದೆ ಹೇಳಿದಳು: “ಎದುರಂಗಡಿ ಗಡಿಯಾರ ರಿಪೇರಿಯವರು ಮದುವೆ ಆಗ್ತೀರಾ ಅಂತ ಕೇಳಿದ್ದಾರೆ ಕಣೋ. ನಾನಿನ್ನೂ ಏನೂ ಹೇಳಿಲ್ಲ. ನಿನ್ನ ಹೊಟ್ಟೇಲೇ ಇರ್ಲಿ.”

ಎದುರು ಕೂತು ಕೇಳುತ್ತಿದ್ದ ಅವಳ ಅಕ್ಕನ ಮಗ ಯಾರ ದನಿಯನ್ನಾದರೂ ಟೇಪ್ ರೆಕಾರ್ಡರಿನಂತೆ ಹಾಗೇ ಅನುಕರಿಸಬಲ್ಲವನು. ಚರ್ಚಿನಲ್ಲಿ ಎಲ್ಲರ ಬಾಯಲ್ಲೂ ಅವನು ‘ಟೇಪು’.

“ಅಂತೂ ಗಡಿಯಾರದವರಿಗೂ ಗಳಿಗೆ ಕೂಡಿಬಂತು!” ಎಂದ. ಚಿಕ್ಕಮ್ಮ ದಾರ ಕಚ್ಚಿಕೊಂಡೇ ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ವರ್ಷಗಳಾಗಿದ್ದವು.

ಬುಧವಾರದ ಪ್ರಾರ್ಥನಾ ಕೂಟದಲ್ಲಿ ಒಂದು ಪದ್ಧತಿ. ಕಣ್ಣು ಮುಚ್ಚುವ ಮುಂಚೆ ಪ್ರತಿಯೊಬ್ಬರೂ ತಮ್ಮ ಪ್ರಾರ್ಥನಾ ವಿಷಯ ಹೇಳಬೇಕು; ಬೇರೆಯವರ ಸಂಗತಿಯಾದರೆ ಹೆಸರು ಬಿಡಬೇಕು. ಹೆಸರು ಬಿಟ್ಟರೆ ಅದು ಚಾಡಿಯಲ್ಲ, ಎಲ್ಲರೂ ಸೇರಿ ಹೊರುವ ಪ್ರಾರ್ಥನೆಯ ಭಾರ.

“ನಮ್ಮ ಸಭೆಯ ಒಬ್ಬ ಸಹೋದರಿ,” ಎಂದು ಟೇಪು ಗಂಭೀರವಾಗಿಯೇ ಶುರುಮಾಡಿದ. “ಹೆಸರು ಬೇಡ. ಈ ವಯಸ್ಸಲ್ಲಿ ಒಂದು ಸಂಬಂಧ ಬಂದಿದೆ. ದೇವರ ಚಿತ್ತ ತಿಳೀಬೇಕು.”

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸುತ್ತಲಿನ ಕಿವಿಗಳು ನೆಟ್ಟಗಾದದ್ದನ್ನು ಕಂಡು ನಾಲಿಗೆ ತುರಿಸಿತು. ಆ ಮನುಷ್ಯ ಹೇಗೆ ಕೇಳಿರಬಹುದೆಂದು ಮಾಡಿ ತೋರಿಸಿದ: ಭೂತಗನ್ನಡಿ ಸಿಕ್ಕಿಸಿಕೊಂಡವರಂತೆ ಒಂದು ಕಣ್ಣು ಕಿರಿದುಮಾಡಿ, ಎರಡು ಸಲ ಗಂಟಲು ಸರಿಮಾಡಿಕೊಂಡು, “ಅದೂ... ನಿಮಗೆ... ಬಿಡುವಿದ್ರೆ...”

ಕೂಟ ಗೊಳ್ಳೆಂದಿತು. ಆಮೇಲೆ ಭಕ್ತಿಯಿಂದ ಕಣ್ಣು ಮುಚ್ಚಿತು.

“ಕರ್ತನೇ, ಆ ಸಹೋದರಿಯ ಮಗಳು ಇದಕ್ಕೆ ಏನನ್ನುತ್ತಾಳೋ ನಿನಗೇ ಗೊತ್ತು,” ಎಂದು ಟೀಚರಮ್ಮ ಪ್ರಾರ್ಥಿಸಿದರು.

“ಅಂಗಡಿ ಯಾರ ಪಾಲಾಗುತ್ತೋ ಅದನ್ನೂ ನೋಡಿಕೋ ತಂದೆಯೇ,” ಎಂದರು ಸಭೆಯ ಹಿರಿಯರು.

‘ಆಮೆನ್’ ಎಂದವರಲ್ಲಿ ಟೇಪಿನ ದನಿಯೇ ಗಟ್ಟಿ.

ಭಾನುವಾರ ಆರಾಧನೆ ಮುಗಿದೊಡನೆ ಹೆಂಗಸರು ಚಿಕ್ಕಮ್ಮನ ಕೈ ಹಿಡಿದು, “ನಿಮಗೋಸ್ಕರ ಪ್ರಾರ್ಥಿಸ್ತಿದ್ದೀವಿ” ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡರು. ಕಿಸಕ್ಕೆಂಬ ನಗು. ಆರಾಧನೆ ಮುಗಿಸಿ ಬಾಗಿಲ ಬಳಿ ನಿಂತಿದ್ದ ಗಡಿಯಾರದವರು ಕಿವಿಯವರೆಗೂ ಕೆಂಪಾಗಿ ಹೊರಟುಹೋದರು. ಮರುದಿನ ಅಂಗಡಿಗೆ ಬಂದು, “ನನ್ನಿಂದ ನಿಮಗೆ ಅವಮಾನ ಆಯ್ತು. ಕೇಳಿದ್ದನ್ನ ಮರೆತುಬಿಡಿ” ಎಂದರಂತೆ.

ಟೇಪು ಹೋದಾಗ ಚಿಕ್ಕಮ್ಮ ಮಶೀನಿಗೆ ಎಣ್ಣೆ ಬಿಡುತ್ತಿದ್ದಳು.

“ಪ್ರಾರ್ಥನೆಗೆ ಅಂತ ಹೇಳಿದ್ದು ಚಿಕ್ಕಮ್ಮ... ದೇವರ ಮುಂದೆ...”

“ದೇವರಿಗೆ ನಾನಾಗ್ಲೇ ಹೇಳಿದ್ದೆ ಕಣೋ.” ಅವಳು ಚೆಲ್ಲಿದ ಎಣ್ಣೆ ಒರೆಸಿದಳು. “ಹೂಂ ಅನ್ನೋಣ ಅಂತಿದ್ದೆ.”

ಟೇಪು ಅಲ್ಲಿಂದ ನೇರ ಎದುರಂಗಡಿಗೆ ಹೋಗಿ ಕ್ಷಮೆ ಕೇಳಿದ. “ಪರವಾಗಿಲ್ಲ ಬಿಡಿ” ಎಂದವರು ಬಿಚ್ಚಿಟ್ಟ ಗಡಿಯಾರದಿಂದ ತಲೆ ಎತ್ತಲಿಲ್ಲ.

ಮತ್ತೆ ಬುಧವಾರ. “ನಿನ್ನ ವಿಷಯ ಏನಪ್ಪಾ ಟೇಪು?” ಎಂದರು ಹಿರಿಯರು.

ಎಲ್ಲವನ್ನೂ ಒಪ್ಪಿಕೊಳ್ಳಬೇಕೆಂದೇ ಬಂದಿದ್ದ. ಆದರೆ ಪಾಪವನ್ನು ಅರಿಕೆ ಮಾಡಲು ಬಾಯಿ ತೆರೆದರೆ ಚಿಕ್ಕಮ್ಮನ ಕಥೆಯೇ ಮತ್ತೆ ಹೊರಬರಬೇಕು. ಅವಳು ಹೂಂ ಅನ್ನಲಿದ್ದಳೆಂಬುದೂ ಸೇರಿ.

“ಹೋದ್ಸಲ ನಾನು ಮಾಡಿದ್ದು ಪ್ರಾರ್ಥನೆ ಅಲ್ಲ,” ಎಂದ. “ನನ್ನ ನಾಲಿಗೆಗೋಸ್ಕರ ಪ್ರಾರ್ಥಿಸಿ.”

ಟೀಚರಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಯಾಕಪ್ಪಾ, ಆಮೇಲೆ ಏನಾಯ್ತು? ಸ್ವಲ್ಪ ಬಿಡಿಸಿ ಹೇಳು. ಪ್ರಾರ್ಥನೆ ಮಾಡೋಕೆ ಅನುಕೂಲ.”

“ಅಷ್ಟೇ,” ಎಂದು ಅವನು ಎಲ್ಲರಿಗಿಂತ ಮುಂಚೆ ಕಣ್ಣು ಮುಚ್ಚಿದ. ಬಹಳ ಹೊತ್ತು ಯಾರೂ ಪ್ರಾರ್ಥನೆ ಶುರುಮಾಡಲಿಲ್ಲ. ಅವನು ಇನ್ನೂ ಏನಾದರೂ ಹೇಳಿಯಾನೆಂದು ಕಾಯುತ್ತಿದ್ದರು.